ಗಂಡನಿಗೆ ಹೇಳದೆ ಹೊರಟ 106 ಕಿಲೋಮೀಟರ್

ಬೆಳಿಗ್ಗೆ ಹಿರಿಯೂರಿನಿಂದ ಹೊರಟು ಚಿತ್ರದುರ್ಗಕ್ಕೆ ಬನ್ನಿ. ಅಲ್ಲಿಂದ ಹೊಳಲ್ಕೆರೆ. ಹೊಳಲ್ಕೆರೆಯಿಂದ ಹೊಸದುರ್ಗ. ಮೂರೂ ತುಂಡು ಕೂಡಿಸಿದರೆ ಹೆಚ್ಚೂಕಮ್ಮಿ ನೂರು ಕಿಲೋಮೀಟರ್. ನಮ್ಮ ಜಿಲ್ಲೆಯ ಹುಡುಗರಿಗೆ ಇದೇನೂ ದೂರವಲ್ಲ. ಬೈಕಿನಲ್ಲಿ ಹೊರಟರೆ ದಾರಿಯಲ್ಲಿ ಎರಡು ಕಡೆ ಟೀ ಕುಡಿದು, ಕೋಟೆ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು, ಮಧ್ಯಾಹ್ನದ ಊಟಕ್ಕೆ ಆರಾಮಾಗಿ ಹೊಸದುರ್ಗ ಸೇರಬಹುದು.

ಈಗ ಈ ದಾರಿಯಿಂದ ಒಂದೊಂದನ್ನೇ ತೆಗೆದುಹಾಕುತ್ತಾ ಬನ್ನಿ. ಮೊದಲು ಡಾಂಬರು ತೆಗೆಯಿರಿ. ಆಮೇಲೆ ಪೆಟ್ರೋಲ್ ಬಂಕ್‌ಗಳು. ಪಂಕ್ಚರ್ ಅಂಗಡಿ, ಗ್ಯಾರೇಜು, ಮೆಕ್ಯಾನಿಕ್, ದಾರಿ ತೋರಿಸುವ ಬೋರ್ಡು, ಕೈಯಲ್ಲಿರುವ ಮೊಬೈಲು. ಎಲ್ಲವೂ ಹೋಗಲಿ. ನೀವು ಕೂತಿರುವ ಗಾಡಿಗೆ ಮೂರೇ ಚಕ್ರ. ಸ್ಟೀರಿಂಗ್ ಇಲ್ಲ, ಅದರ ಜಾಗದಲ್ಲಿ ಒಂದು ಹಿಡಿಕೆ ಇದೆ. ಮೇಲೆ ಚಾವಣಿ ಇಲ್ಲ. ಎಷ್ಟೇ ಓಡಿಸಿದರೂ ಗಂಟೆಗೆ ಹದಿನಾರು ಕಿಲೋಮೀಟರ್ ದಾಟುವುದಿಲ್ಲ. ಅದು ಹಾಳಾದರೆ ರಿಪೇರಿ ಮಾಡಬಲ್ಲ ಮನುಷ್ಯ ಇಡೀ ದಾರಿಯಲ್ಲಿ ಒಬ್ಬನೂ ಇಲ್ಲ. ಯಾಕೆಂದರೆ ಇಂಥ ಗಾಡಿಯನ್ನು ಆ ದಾರಿಯ ಜನ ಹಿಂದೆ ಕಂಡೇ ಇಲ್ಲ.

1888ರ ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಬರ್ತಾ ಬೆಂಜ್ ಎಂಬ 39 ವರ್ಷದ ಗೃಹಿಣಿ ಹತ್ತಿ ಕೂತಿದ್ದು ಇಂಥ ಗಾಡಿಯನ್ನು. ಜೊತೆಗೆ 15 ವರ್ಷದ ಯೂಗೆನ್, ಇನ್ನೂ 14 ತುಂಬದ ರಿಚರ್ಡ್. ಇಬ್ಬರೂ ಆಕೆಯ ಮಕ್ಕಳು. ಗಾಡಿ ಕಟ್ಟಿದ ಗಂಡ ಕಾರ್ಲ್ ಬೆಂಜ್ ಇನ್ನೂ ಹಾಸಿಗೆಯಲ್ಲಿದ್ದ. ಅವನಿಗೆ ವಿಷಯ ಗೊತ್ತಿರಲಿಲ್ಲ. ಹೋಗಬೇಕಿದ್ದ ಊರು ಫೋರ್ಟ್ಸ್‌ಹೈಮ್, ಬರ್ತಾಳ ತವರು. ದೂರ 106 ಕಿಲೋಮೀಟರ್. ಅಲ್ಲಿಯವರೆಗೆ ಮೋಟಾರು ಗಾಡಿಯಲ್ಲಿ ಜಗತ್ತಿನ ಯಾರೂ ಅಷ್ಟು ದೂರ ಹೋಗಿರಲಿಲ್ಲ. ಕಾರ್ಖಾನೆಯ ಅಂಗಳದಲ್ಲಿ, ಊರ ಸುತ್ತಿನ ಬೀದಿಗಳಲ್ಲಿ ಒಂದಿಷ್ಟು ಓಡಿಸಿ ವಾಪಸ್ ತಂದು ನಿಲ್ಲಿಸುವುದು, ಅಷ್ಟೇ ಆಗಿತ್ತು.

ಕಾಲದ ಅಂದಾಜು ಸಿಗಲಿ ಅಂತ ಒಂದು ಮಾತು. ಆ ಹೊತ್ತಿಗೆ ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟಿನ ಒಂದು ಕಲ್ಲೂ ಎದ್ದಿರಲಿಲ್ಲ. ಅದು ಮುಗಿದಿದ್ದು 1907ರಲ್ಲಿ. ಮೈಸೂರು ಸೀಮೆಯಲ್ಲಿ ಚಾಮರಾಜೇಂದ್ರ ಒಡೆಯರ್ ಆಳುತ್ತಿದ್ದರು, ದುರ್ಗದ ಸುತ್ತ ಎತ್ತಿನ ಗಾಡಿ ಓಡಾಡುತ್ತಿತ್ತು.

ವಿಂಟೇಜ್ ಕಾರಿನಲ್ಲಿ ಲಾಂಗ್ ಡ್ರೈವ್ ಹೋಗುವ ಕನಸು ನಮ್ಮಲ್ಲಿ ಎಷ್ಟೋ ಜನಕ್ಕಿದೆ. ಹಳೇ ಕಾರು ರ‍್ಯಾಲಿಯ ವಿಡಿಯೊ ಬಂದರೆ ನಾನೂ ಕೊನೆತನಕ ನೋಡುತ್ತೇನೆ. ಆದರೆ ಬರ್ತಾ ಹೊರಟಾಗ ಅದು ವಿಂಟೇಜ್ ಆಗಿರಲಿಲ್ಲ, ಜಗತ್ತಿನ ಅತಿ ಹೊಸ ವಸ್ತುವಾಗಿತ್ತು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿರುವ ನನಗೆ ಈ ಕಥೆ ಹಿಡಿಸಿದ್ದು ಆ ಕಾರಣಕ್ಕೇ.

ಬರ್ತಾ ಹುಟ್ಟಿದ್ದು 1849ರ ಮೇ 3ರಂದು. ತಂದೆ ಕಾರ್ಲ್ ಫ್ರೀಡ್ರಿಕ್ ರಿಂಗರ್ ಬಡಗಿ ಕೆಲಸದಿಂದ ಮೇಲೆ ಬಂದು ಕಟ್ಟಡ ಕಟ್ಟಿಸುವ ಮಟ್ಟಕ್ಕೆ ಬೆಳೆದಿದ್ದವರು. ಫೋರ್ಟ್ಸ್‌ಹೈಮ್ ಚಿನ್ನದ ಕೆಲಸಕ್ಕೆ ಹೆಸರಾದ ಊರು, ಅನುಕೂಲಸ್ಥ ಮನೆ. ಮಕ್ಕಳು ಹುಟ್ಟಿದ ದಿನವನ್ನು ಮನೆಯ ಬೈಬಲಿನಲ್ಲಿ ಬರೆದಿಡುವುದು ಅಲ್ಲಿನ ರೂಢಿ. ಬರ್ತಾಳ ಹೆಸರಿನ ಜೊತೆ, ಈ ಸಲವೂ ಹೆಣ್ಣೇ ಆಯಿತಲ್ಲ ಎಂಬ ಅರ್ಥದ ಬೇಸರದ ಸಾಲೊಂದಿತ್ತು, ಬೆಳೆದ ಮೇಲೆ ಅದನ್ನು ಆಕೆ ಓದಿದಳು ಎಂಬ ಕಥೆಯಿದೆ. ಕಥೆ ನಿಜವೋ ಅಲ್ಲವೋ, ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದನ್ನು ನಂಬಲು ಕಷ್ಟವಾಗುವುದಿಲ್ಲ. ಓದಿನಲ್ಲಿ ಚುರುಕಾಗಿದ್ದಳು, ಯಂತ್ರಗಳ ಬಗ್ಗೆ ಆಸಕ್ತಿ ಇತ್ತು. ಆದರೆ ಹೆಣ್ಣುಮಕ್ಕಳ ಶಾಲೆಯಿಂದ ಮುಂದಕ್ಕೆ ದಾರಿ ಇರಲಿಲ್ಲ. ಬಾಡೆನ್ ಪ್ರಾಂತ್ಯದ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ಪೂರ್ತಿ ಬಾಗಿಲು ತೆರೆದಿದ್ದು 1900ರಲ್ಲಿ. ಜರ್ಮನಿಗೆಲ್ಲ ಅದೇ ಮೊದಲು. ಅಷ್ಟರಲ್ಲಿ ಬರ್ತಾಗೆ ಐವತ್ತು ದಾಟಿತ್ತು.

1869ರಲ್ಲಿ ಒಂದು ಪ್ರವಾಸದಲ್ಲಿ ಕಾರ್ಲ್ ಬೆಂಜ್‌ನ ಪರಿಚಯವಾಯಿತು. ಅವನ ತಂದೆ ರೈಲು ಇಂಜಿನ್ ಓಡಿಸುತ್ತಿದ್ದವರು, ಮಗನಿಗೆ ಎರಡು ವರ್ಷವಿದ್ದಾಗಲೇ ತೀರಿಕೊಂಡರು. ತಾಯಿ ಕಷ್ಟಪಟ್ಟು ಕಾರ್ಲ್ಸ್‌ರೂಹೆಯ ಪಾಲಿಟೆಕ್ನಿಕ್‌ನಲ್ಲಿ ಓದಿಸಿದ್ದರು. ಹುಡುಗನ ಕೈಯಲ್ಲಿ ಕಾಸಿಲ್ಲ, ತಲೆಯಲ್ಲಿ ಮಾತ್ರ ಒಂದೇ ಹುಚ್ಚು: ಹಳಿಯೂ ಬೇಡದ, ಕುದುರೆಯೂ ಬೇಡದ ಗಾಡಿ. ಅನುಕೂಲಸ್ಥ ಮನೆಯ ಹುಡುಗಿಗೆ ಇವನಿಗಿಂತ ಒಳ್ಳೆ ಸಂಬಂಧ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆಕೆ ಇವನನ್ನೇ ಆರಿಸಿಕೊಂಡಳು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿ ಓದಬೇಕು. 1871ರಲ್ಲಿ ಕಾರ್ಲ್ ಆಗಸ್ಟ್ ರಿಟ್ಟರ್ ಎಂಬ ಪಾಲುದಾರನ ಜೊತೆ ಮ್ಯಾನ್‌ಹೈಮ್‌ನಲ್ಲಿ ಒಂದು ವರ್ಕ್‌ಶಾಪ್ ಶುರು ಮಾಡಿದ. ಪಾಲುದಾರ ನಂಬಿಕೆಗೆ ಯೋಗ್ಯನಾಗಿರಲಿಲ್ಲ. ವ್ಯವಹಾರ ಮುಳುಗುವ ಹಂತಕ್ಕೆ ಬಂತು. ಆಗ ಬರ್ತಾ ಮದುವೆಗೆ ಮೊದಲೇ ತನಗೆ ಬರಬೇಕಿದ್ದ ವರದಕ್ಷಿಣೆಯ ಒಂದು ಭಾಗವನ್ನು ತಂದೆಯಿಂದ ಪಡೆದು ಅದಕ್ಕೆ ಹಾಕಿದಳು. ಆ ದುಡ್ಡಿನಲ್ಲಿ ರಿಟ್ಟರ್‌ನ ಪಾಲು ಕೊಟ್ಟು ಅವನನ್ನು ಹೊರಗೆ ಕಳಿಸಲಾಯಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಸ್ಟಾರ್ಟಪ್ ಒಂದಕ್ಕೆ ಏಂಜೆಲ್ ಇನ್ವೆಸ್ಟರ್. ವರದಕ್ಷಿಣೆ ಅಂದ ಕೂಡಲೇ ನಮಗೆ ಬೇರೆಯೇ ಚಿತ್ರ ಕಣ್ಣಿಗೆ ಬರುತ್ತದೆ, ಬರಬೇಕಾದದ್ದೇ. ಆದರೆ ಇಲ್ಲಿ ಹುಡುಗಿಯೇ ಆ ಹಣ ಎಲ್ಲಿಗೆ ಹೋಗಬೇಕು ಅಂತ ನಿರ್ಧರಿಸಿದಳು ಎನ್ನುವುದನ್ನು ಗಮನಿಸಿ. 1872ರ ಜುಲೈ 20ರಂದು ಮದುವೆಯಾಯಿತು. ಅಂದಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ತನ್ನ ಹೆಸರಿನಲ್ಲಿ ವ್ಯವಹಾರ ನಡೆಸುವ ಅಧಿಕಾರ ಇರಲಿಲ್ಲ. ಹಿಂದಿನ ದಿನದವರೆಗೆ ಹೂಡಿಕೆದಾರಳಾಗಿದ್ದವಳು ಮಾರನೇ ದಿನ ಬರೀ ಹೆಂಡತಿ.

ಮುಂದಿನ ಹತ್ತು ವರ್ಷ ಸಾಲ, ಜಪ್ತಿ, ಮತ್ತೆ ಸಾಲ. ಮಕ್ಕಳಾದವು. ನಾಲ್ಕು ಹೊಡೆತದ ಇಂಜಿನ್ನಿನ ಪೇಟೆಂಟ್ ನಿಕೋಲಸ್ ಓಟೋ ಕಡೆಯವರ ಕೈಯಲ್ಲಿದ್ದುದರಿಂದ ಕಾರ್ಲ್ ಎರಡು ಹೊಡೆತದ ಇಂಜಿನ್ ಹಿಂದೆ ಬಿದ್ದ. ಅದು ಓಡಲು ಒಪ್ಪದೆ ಸತಾಯಿಸಿತು. 1879ರ ವರ್ಷದ ಕೊನೆಯ ರಾತ್ರಿ ಊಟವಾದ ಮೇಲೆ, ವರ್ಕ್‌ಶಾಪಿಗೆ ಹೋಗಿ ಇನ್ನೊಂದು ಸಲ ನೋಡೋಣ ಅಂತ ಎಬ್ಬಿಸಿದ್ದು ಬರ್ತಾ. ಆ ರಾತ್ರಿ ಇಂಜಿನ್ ನಿಲ್ಲದೆ ಓಡಿತು. 1883ರಲ್ಲಿ ಸೈಕಲ್ ವ್ಯಾಪಾರದ ಹಿನ್ನೆಲೆಯ ಇಬ್ಬರ ಜೊತೆ ಸೇರಿ ಬೆಂಜ್ ಕಂಪನಿ ಹುಟ್ಟಿತು. 1886ರ ಜನವರಿ 29ರಂದು ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ. ಅದರ ಸಂಖ್ಯೆ 37435. ಅದರಲ್ಲಿ ಬರ್ತಾಳ ಹೆಸರಿಲ್ಲ.

ಆ ಮೊದಲ ಗಾಡಿಯ ಲೆಕ್ಕ ನೋಡಿದರೆ ನಗು ಬರಬಹುದು. ಒಂದೇ ಸಿಲಿಂಡರ್, 954 ಸಿಸಿ, ಸಿಗುತ್ತಿದ್ದ ಶಕ್ತಿ ಮುಕ್ಕಾಲು ಅಶ್ವಶಕ್ತಿ. ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ನಿಲ್ಲುವ 110 ಸಿಸಿ ಸ್ಕೂಟರ್ ಏಳೆಂಟು ಅಶ್ವಶಕ್ತಿ ಕೊಡುತ್ತದೆ. ಆದರೆ ಸೈಕಲ್ಲಿನಂತೆ ಉಕ್ಕಿನ ಕೊಳವೆಯ ಚೌಕಟ್ಟು, ವಿದ್ಯುತ್ ಕಿಡಿಯ ಇಗ್ನಿಷನ್, ತಿರುವಿನಲ್ಲಿ ಎರಡು ಹಿಂಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಡಿಫರೆನ್ಷಿಯಲ್, ಇಷ್ಟೂ ಅದರಲ್ಲಿತ್ತು. ಕುದುರೆ ಗಾಡಿಗೆ ಇಂಜಿನ್ ಕಟ್ಟಿದ್ದಲ್ಲ, ಇಂಜಿನ್ ಮತ್ತು ಗಾಡಿಯನ್ನು ಒಂದೇ ಯಂತ್ರವಾಗಿ ಯೋಚಿಸಿದ್ದು ಕಾರ್ಲ್‌ನ ಹೆಚ್ಚುಗಾರಿಕೆ. 1886ರ ಜುಲೈ 3ರಂದು ಮ್ಯಾನ್‌ಹೈಮ್‌ನ ಬೀದಿಯಲ್ಲಿ ಜನರ ಮುಂದೆ ಓಡಿಸಿದ. ಜನ ನೋಡಿದರು, ಬೆರಗಾದರು, ಮನೆಗೆ ಹೋದರು. ಯಾರೂ ಕೊಳ್ಳಲು ಮುಂದಾಗಲಿಲ್ಲ.

ಕಾರ್ಲ್ ಒಳ್ಳೆಯ ಇಂಜಿನಿಯರ್, ಕೆಟ್ಟ ವ್ಯಾಪಾರಿ. ಇನ್ನೂ ಸ್ವಲ್ಪ ಸರಿಮಾಡಬೇಕು, ಇನ್ನೂ ಸ್ವಲ್ಪ ಅಂತ ಗಾಡಿಯನ್ನು ಬಿಚ್ಚುತ್ತಾ ಜೋಡಿಸುತ್ತಾ ಕೂರುವ ಜಾತಿ. ಪ್ರಾಜೆಕ್ಟ್ ಸಬ್ಮಿಟ್ ಮಾಡುವ ಹಿಂದಿನ ರಾತ್ರಿಯೂ ಕೋಡ್ ಬದಲಾಯಿಸುವ ಗೆಳೆಯರು ನಿಮಗೂ ಇರುತ್ತಾರೆ. ಎರಡು ವರ್ಷ ಕಳೆಯಿತು. ಬರ್ತಾಗೆ ಅರ್ಥವಾಗಿತ್ತು: ಗಾಡಿ ಊರಿಂದೂರಿಗೆ ಹೋಗಬಲ್ಲದು ಅಂತ ಕಣ್ಣಾರೆ ಕಾಣದೆ ಜನ ದುಡ್ಡು ಬಿಚ್ಚುವುದಿಲ್ಲ. ಕೇಳಿದರೆ ಗಂಡ ಒಪ್ಪುವುದಿಲ್ಲ. ಕೇಳುವುದನ್ನೇ ಬಿಟ್ಟಳು. ಮಕ್ಕಳಿಗೆ ಶಾಲೆಗೆ ರಜೆ ಇತ್ತು. ಅಜ್ಜಿ ಮನೆಗೆ ಹೋಗುತ್ತೇವೆ ಎನ್ನುವುದು ಯಾವ ಕಾಲದಲ್ಲೂ, ಯಾವ ದೇಶದಲ್ಲೂ ಯಾರೂ ಪ್ರಶ್ನಿಸದ ಕಾರಣ. ಮೂರನೇ ಮಾದರಿಯ ಗಾಡಿಯನ್ನು ಸದ್ದಾಗದಂತೆ ಶೆಡ್ಡಿನಿಂದ ಹೊರಗೆ ತಳ್ಳಿಕೊಂಡು ಹೋಗಿ, ಮನೆಯಿಂದ ದೂರ ಹೋದ ಮೇಲೆ ಇಂಜಿನ್ ಚಾಲೂ ಮಾಡಿದರು ಎನ್ನುತ್ತಾರೆ. ಅದನ್ನು ಚಾಲೂ ಮಾಡುವುದೆಂದರೆ ಹಿಂದೆ ಮಲಗಿಸಿದ ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸುವುದು.

ಹೈಡಲ್‌ಬರ್ಗ್‌ವರೆಗೆ ನೆಲ ಮಟ್ಟಸ. ಅದರ ಮುಂದೆ ಶುರುವಾಯಿತು ನೋಡಿ.

ಮೊದಲ ತಲೆನೋವು ಇಂಧನ. ಬೇರೆ ಟ್ಯಾಂಕ್ ಅನ್ನುವುದೇ ಇರಲಿಲ್ಲ. ಕಾರ್ಬ್ಯುರೇಟರಿನ ಪಾತ್ರೆಯಲ್ಲಿ ಹಿಡಿಯುತ್ತಿದ್ದುದು ನಾಲ್ಕೂವರೆ ಲೀಟರ್. ಅದರಲ್ಲಿ ಹಾಕುತ್ತಿದ್ದುದು ಲಿಗ್ರೋಯಿನ್ ಎಂಬ ಬೇಗ ಆವಿಯಾಗುವ ಪೆಟ್ರೋಲಿಯಂ ದ್ರವ. ಬಟ್ಟೆಯ ಕಲೆ ತೆಗೆಯಲು ಜನ ಅದನ್ನು ಔಷಧಿ ಅಂಗಡಿಯಿಂದ ತರುತ್ತಿದ್ದರು. ವೀಸ್ಲೋಕ್ ಎಂಬ ಊರಿನ ಔಷಧಿ ಅಂಗಡಿ ಮುಂದೆ ಗಾಡಿ ನಿಂತಿತು. ಅಂಗಡಿಯ ವಿಲ್ಲಿ ಓಕರ್ ಹತ್ತಿರ ಇದ್ದ ಲಿಗ್ರೋಯಿನ್ ಅನ್ನು ಬರ್ತಾ ಕೊಂಡುಕೊಂಡಳು. ಬಟ್ಟೆಯ ಕಲೆಗೆ ಇಷ್ಟೊಂದು ಯಾಕಮ್ಮ ಅಂತ ಆತ ಅಂದುಕೊಂಡಿರಬೇಕು. ಇಂದು ಆ ಅಂಗಡಿಯನ್ನು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಅಂತ ತೋರಿಸುತ್ತಾರೆ. ಹಿರಿಯೂರಿನ ಹೈವೇ ಬಂಕ್‌ಗಳಲ್ಲಿ ಸಾಲುಗಟ್ಟಿ ನಿಲ್ಲುವ ಲಾರಿಗಳ ವಂಶವೃಕ್ಷ ಹುಡುಕಿಕೊಂಡು ಹೋದರೆ ಬುಡದಲ್ಲಿ ಸಿಗುವುದು ಒಂದು ಮೆಡಿಕಲ್ ಸ್ಟೋರ್.

ಎರಡನೆಯದು ನೀರು. ಇಂದಿನ ಕಾರಿನಂತೆ ರೇಡಿಯೇಟರ್ ಇರಲಿಲ್ಲ. ಸಿಲಿಂಡರ್ ಸುತ್ತ ನೀರು ಕುದಿದು ಆವಿಯಾಗಿ ಹೋಗುತ್ತಾ ಶಾಖವನ್ನು ಹೊತ್ತೊಯ್ಯುತ್ತಿತ್ತು. ಒಂದು ಪಾತ್ರೆ ನೀರು ಆವಿಯಾಗುವಾಗ ಎಷ್ಟು ಶಾಖ ನುಂಗುತ್ತದೆ ಅನ್ನುವುದು ಥರ್ಮೋಡೈನಮಿಕ್ಸ್‌ನಲ್ಲಿ ನಾವು ಲೆಕ್ಕ ಮಾಡುವ ವಿಷಯ, ಪದ್ಧತಿ ದಡ್ಡತನದ್ದೇನಲ್ಲ. ಆದರೆ ಹೋದ ನೀರು ವಾಪಸ್ ಬರುವುದಿಲ್ಲ. ಹಾಗಾಗಿ ಬಾವಿ ಕಂಡಲ್ಲಿ, ತೊರೆ ಕಂಡಲ್ಲಿ, ಹೋಟೆಲು ಕಂಡಲ್ಲಿ ಗಾಡಿ ನಿಲ್ಲಿಸಿ ನೀರು ತುಂಬಬೇಕು. ಬೇಸಿಗೆಯಲ್ಲಿ ನಮ್ಮ ಹಿರಿಯೂರು-ಹೊಸದುರ್ಗದ ದಾರಿಯಲ್ಲಿ ಆಗಿದ್ದರೆ ಈ ಪ್ರಯಾಣ ಅರ್ಧಕ್ಕೇ ನಿಲ್ಲುತ್ತಿತ್ತೇನೋ!

ನಡುವೆ ಇಂಧನದ ಕೊಳವೆಯಲ್ಲಿ ಕಸ ಸಿಕ್ಕಿ ಇಂಜಿನ್ ನಿಂತಿತು. ಬರ್ತಾ ಟೋಪಿಗೆ ಚುಚ್ಚಿದ್ದ ಉದ್ದನೆಯ ಪಿನ್ನು ತೆಗೆದು ಕೊಳವೆ ಚುಚ್ಚಿ ಸ್ವಚ್ಛ ಮಾಡಿದಳು. ಇನ್ನೊಂದು ಕಡೆ ಇಗ್ನಿಷನ್ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿ ಕಿಡಿ ಬರುವುದು ನಿಂತಿತು. ಕಾಲುಚೀಲ ಜಾರದಂತೆ ಕಟ್ಟಿಕೊಳ್ಳುವ ಪಟ್ಟಿಯನ್ನೇ ಬಿಚ್ಚಿ ತಂತಿಗೆ ಸುತ್ತಿದಳು. ಇನ್ಸುಲೇಷನ್ ಸಿದ್ಧ. ಚೈನು ಸಡಿಲವಾಗಿ ಸತಾಯಿಸಿದಾಗ ಕಮ್ಮಾರನ ನೆರವು ಬೇಕಾಯಿತು.

ಇಲ್ಲಿ ನನಗೆ ನಮ್ಮ ಓಬವ್ವನ ನೆನಪು ಬಾರದೆ ಇರದು. ಚಿತ್ರದುರ್ಗದವರಿಗೆ ಎಲ್ಲದಕ್ಕೂ ಓಬವ್ವ ನೆನಪಾಗುತ್ತಾಳೆ ಅಂತ ಹಾಸ್ಟೆಲಿನ ಬೇರೆ ಜಿಲ್ಲೆಯ ಗೆಳತಿಯರು ರೇಗಿಸುತ್ತಾರೆ, ರೇಗಿಸಲಿ. ಕಾವಲುಗಾರ ಗಂಡ ಊಟಕ್ಕೆ ಕೂತಾಗ ನೀರಿಗೆ ಹೋದವಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡಳು. ಆಯುಧಶಾಲೆಗೆ ಓಡಲಿಲ್ಲ. ದಿನಾ ಕೈಯಲ್ಲಿ ಹಿಡಿಯುತ್ತಿದ್ದ ಒನಕೆಯನ್ನೇ ಎತ್ತಿಕೊಂಡಳು. ಯುದ್ಧವೂ ಪ್ರಯಾಣವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಬರ್ತಾಳ ಕೈಗೂ ಹಾಗೆ ದಿನನಿತ್ಯದ ವಸ್ತುವೇ ಬಂತು ಅಷ್ಟೇ. ಹೇರ್‌ಪಿನ್ನಿನಲ್ಲಿ ಕಾರು ರಿಪೇರಿ ಮಾಡಿದ ಹೆಂಗಸು ಅಂತ ಈ ಭಾಗವನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ಆದರೆ ನೋಡಿ, ಇಂಜಿನ್ ನಿಂತಾಗ ತೊಂದರೆ ಇಂಧನದ್ದೋ ಕಿಡಿಯದ್ದೋ ಅಂತ ಗುರುತಿಸಲು ಬರದಿದ್ದರೆ ಪಿನ್ನು ಎಲ್ಲಿಗೆ ಚುಚ್ಚಬೇಕು ಅನ್ನುವುದು ಹೇಗೆ ಗೊತ್ತಾಗುತ್ತದೆ? ಕಷ್ಟ ಇರುವುದು ಪಿನ್ನಿನಲ್ಲಲ್ಲ, ದೋಷ ಹುಡುಕುವುದರಲ್ಲಿ. ಅದು ಹತ್ತು ಹದಿನೈದು ವರ್ಷ ಆ ವರ್ಕ್‌ಶಾಪಿನಲ್ಲಿ ಗಂಡನ ಪಕ್ಕ ನಿಂತು ಬಂದ ವಿದ್ಯೆ.

ದಾರಿ ಏರತೊಡಗಿತು. ಗಾಡಿಗೆ ಎರಡೇ ಗೇರು. ಏರು ಬಂದರೆ ಇಂಜಿನ್ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಒಬ್ಬರು ಹಿಡಿಕೆ ಹಿಡಿದು ಉಳಿದವರು ಇಳಿದು ತಳ್ಳಬೇಕು. ವಿಲ್ಫರ್ಡಿಂಗೆನ್ ಹತ್ತಿರದ ದಿಬ್ಬಗಳಲ್ಲಿ ಮೂರೂ ಜನ ಬೆವರು ಸುರಿಸಿದರು. ಇಳಿಜಾರು ಸುಲಭ ಅಂದುಕೊಂಡರೆ ಅದು ಇನ್ನೂ ಅಪಾಯ. ಬ್ರೇಕ್ ಅಂದರೆ ಚಕ್ರಕ್ಕೆ ಒತ್ತುವ ಮರದ ತುಂಡು. ಉದ್ದದ ಇಳಿಜಾರಿನಲ್ಲಿ ಅದು ಸವೆದು ಹೋಯಿತು. ಬೌಶ್ಲೋಟ್ ಎಂಬ ಹಳ್ಳಿಯಲ್ಲಿ ಬರ್ತಾ ಚಪ್ಪಲಿ ಹೊಲಿಯುವವನ ಬಳಿ ಹೋಗಿ ಮರದ ತುಂಡಿನ ಮೇಲೆ ತೊಗಲು ಜಡಿಸಿದಳು. ಮರಕ್ಕಿಂತ ತೊಗಲಿನ ಹಿಡಿತ ಹೆಚ್ಚು, ಸವೆದರೆ ತೊಗಲು ಮಾತ್ರ ಬದಲಿಸಿದರಾಯಿತು. ಬ್ರೇಕ್ ಲೈನಿಂಗ್ ಅಂತ ಇಂದು ನಾವು ಕರೆಯುವುದರ ಮೊದಲ ರೂಪ ಇದು. ಅದಕ್ಕೆ ಬರ್ತಾ ಪೇಟೆಂಟ್ ಪಡೆಯಲಿಲ್ಲ. ಪಡೆದಿದ್ದರೂ ಹಣ ಯಾರ ಹೆಸರಿಗೆ ಹೋಗುತ್ತಿತ್ತು ಅನ್ನುವುದು ಆಗಲೇ ಹೇಳಿದ ಕಾನೂನಿನಲ್ಲಿದೆ.

ಕತ್ತಲಾಗುವ ಹೊತ್ತಿಗೆ ಮೂವರೂ ಧೂಳು, ಎಣ್ಣೆ ಮೆತ್ತಿಕೊಂಡು ಫೋರ್ಟ್ಸ್‌ಹೈಮ್ ತಲುಪಿದರು. ಬರ್ತಾ ಗಂಡನಿಗೆ ಟೆಲಿಗ್ರಾಂ ಕೊಟ್ಟು ಕ್ಷೇಮವಾಗಿ ಸೇರಿದ ಸುದ್ದಿ ತಿಳಿಸಿದಳು. ಅವನಿಗೆ ಸಿಟ್ಟು ಬಂತೋ ಹೆಮ್ಮೆಯಾಯಿತೋ ಅಂದರೆ ಎರಡೂ ಅನ್ನಬಹುದು. ಮುಂದೆ ಬರೆದ ಆತ್ಮಕಥೆಯಲ್ಲಿ, ತನ್ನ ಬದುಕಿನ ಹಡಗು ಮುಳುಗುವಂತಿದ್ದ ದಿನಗಳಲ್ಲಿ ಜೊತೆ ಬಿಡದೆ ನಿಂತವಳು ಹೆಂಡತಿಯೊಬ್ಬಳೇ ಎಂಬ ಭಾವದಲ್ಲಿ ಬರೆದಿದ್ದಾನೆ. ಕೆಲವು ದಿನಗಳ ನಂತರ ಬೇರೊಂದು ದಾರಿಯಲ್ಲಿ ವಾಪಸ್ ಬಂದರು. ಹೋಗಿ ಬಂದಿದ್ದು ಒಟ್ಟು ಸುಮಾರು 194 ಕಿಲೋಮೀಟರ್.

ಬಂದವಳು ಸುಮ್ಮನೆ ಅಡುಗೆಮನೆಗೆ ಹೋಗಲಿಲ್ಲ. ಏರು ಹತ್ತಲು ಇನ್ನೊಂದು ಗೇರು ಬೇಕು, ಬ್ರೇಕಿಗೆ ತೊಗಲು ಬೇಕು ಅಂತ ಗಂಡನಿಗೆ ಹೇಳಿದಳು. ಕಾರ್ಲ್ ಗಾಡಿಗೆ ಮತ್ತೊಂದು ಗೇರು ಸೇರಿಸಿದ. ಕಾರು ಕಂಪನಿಗಳಲ್ಲಿ ಇಂದು ಇದೇ ಕೆಲಸಕ್ಕೆ ದೊಡ್ಡ ವಿಭಾಗಗಳಿವೆ. ಮೂಲಮಾದರಿಯನ್ನು ಲಡಾಕಿನ ಚಳಿಗೆ, ರಾಜಸ್ಥಾನದ ಬಿಸಿಲಿಗೆ ಒಯ್ದು, ಏನು ಮುರಿಯಿತು, ಯಾಕೆ ಮುರಿಯಿತು ಅಂತ ವರದಿ ಬರೆಯುತ್ತಾರೆ. ಕೆಲಸ ಹುಡುಕುತ್ತಿರುವ ಮೆಕ್ಯಾನಿಕಲ್, ಆಟೊಮೊಬೈಲ್ ಗೆಳೆಯರಿಗೆ ಟೆಸ್ಟಿಂಗ್ ಮತ್ತು ವ್ಯಾಲಿಡೇಷನ್ ಎಂಬ ಹುದ್ದೆಯ ಹೆಸರು ಪರಿಚಯವಿರುತ್ತದೆ. ಬರ್ತಾ ಆ ಹುದ್ದೆಗೆ ಹೆಸರಿಡುವ ಮೊದಲೇ ಆ ಕೆಲಸ ಮಾಡಿ ಮುಗಿಸಿದ್ದಳು.

ಅದಕ್ಕೇ ಈ ಕಥೆಯನ್ನು ಸಾಮಾನ್ಯವಾಗಿ ಹೇಳುವ ಧಾಟಿ ನನಗೆ ಒಪ್ಪಿಗೆಯಿಲ್ಲ. ಗಂಡನ ಮೇಲಿನ ಪ್ರೀತಿಗೆ ಸಾಹಸ ಮಾಡಿದ ಸತಿ ಅಂತ ಹಾರ ಹಾಕಿ ಕೂರಿಸಿಬಿಡುತ್ತಾರೆ. ಜಾಹೀರಾತುಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಪ್ರೀತಿ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆಕೆಯ ದುಡ್ಡು ಆ ಗಾಡಿಯಲ್ಲಿತ್ತು. ಆಕೆಯ 17 ವರ್ಷ ಅದರಲ್ಲಿತ್ತು. ಸರಕು ಚೆನ್ನಾಗಿದ್ದೂ ಮಾರಾಟವಾಗುತ್ತಿಲ್ಲ ಅಂದರೆ ಕೊರತೆ ಎಲ್ಲಿದೆ ಅಂತ ಗುರುತಿಸಿ, ಪರೀಕ್ಷೆ ಮತ್ತು ಪ್ರಚಾರ ಎರಡನ್ನೂ ಒಂದೇ ಏಟಿಗೆ ಮಾಡಿದ್ದು ತಲೆ ಇದ್ದ ಪಾಲುದಾರಳ ಕೆಲಸ.

ಈ ಮಾತಿಗೆ ನನ್ನದೂ ಒಂದು ಕಾರಣವಿದೆ. ನಮ್ಮ ಸೆಕ್ಷನ್‌ನಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಸಿಇಟಿ ಕೌನ್ಸೆಲಿಂಗ್ ಹೊತ್ತಿನಲ್ಲಿ ನಮ್ಮ ದೊಡ್ಡಪ್ಪನಿಂದ ಹಿಡಿದು ಬೀದಿಯ ಕೊನೆಮನೆಯ ಅಜ್ಜಿಯವರೆಗೆ ಎಲ್ಲರೂ ಕಂಪ್ಯೂಟರ್ ಸೈನ್ಸ್ ತಗೋ ಅಂದವರೇ. ಮೊನ್ನೆ ಇಂಟರ್ನ್‌ಶಿಪ್ ಕೇಳಲು ಒಂದು ಕಾರ್ಖಾನೆಗೆ ಹೋಗಿದ್ದೆ. ಅಂಕಪಟ್ಟಿ ನೋಡಿ ಮೆಚ್ಚಿದರು, ಆಮೇಲೆ ಶಾಪ್ ಫ್ಲೋರ್ ಹುಡುಗಿಯರಿಗೆ ಕಷ್ಟ ಕಣಮ್ಮ, ಆಫೀಸಿನಲ್ಲಿ ಡ್ರಾಯಿಂಗ್ ಕೆಲಸ ಇದ್ದರೆ ಹೇಳುತ್ತೇವೆ ಅಂತ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದಕ್ಕೆ ಉತ್ತರ ಕೊಡುವುದು ಕಷ್ಟ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು, ಎಣ್ಣೆ ಮೆತ್ತಿದ ಕೈಯಲ್ಲಿ ಕೊಳವೆಗೆ ಪಿನ್ನು ಚುಚ್ಚುತ್ತಿರುವ ಉದ್ದ ಲಂಗದ ಹೆಂಗಸನ್ನು ಕಲ್ಪಿಸಿಕೊಳ್ಳುತ್ತಿದ್ದೆ.

ಪ್ರಯಾಣದ ಫಲ ಬೇಗ ಕಂಡಿತು. ದಾರಿಯುದ್ದಕ್ಕೂ ಜನ ಕುದುರೆಯಿಲ್ಲದ ಗಾಡಿಯನ್ನು ಕಣ್ಣಾರೆ ಕಂಡಿದ್ದರು, ಸುದ್ದಿ ಹರಡಿತು. ಮರುತಿಂಗಳೇ ಮ್ಯೂನಿಕ್‌ನ ಯಂತ್ರ ಪ್ರದರ್ಶನದಲ್ಲಿ ಬೆಂಜ್ ಗಾಡಿಗೆ ಚಿನ್ನದ ಪದಕ ಬಂತು. ಪ್ಯಾರಿಸ್ಸಿನ ಎಮಿಲ್ ರೋಜರ್ ಮೂಲಕ ಫ್ರಾನ್ಸಿನಲ್ಲಿ ಮಾರಾಟ ಚಿಗುರಿತು. 1899ರಲ್ಲಿ ಬೆಂಜ್ ಕಂಪನಿ ಒಂದೇ ವರ್ಷದಲ್ಲಿ 572 ಕಾರು ತಯಾರಿಸಿ ಜಗತ್ತಿನ ಅತಿ ದೊಡ್ಡ ಕಾರು ಕಂಪನಿ ಅನ್ನಿಸಿಕೊಂಡಿತು.

ಆಮೇಲಿನ ಬದುಕು ಏರಿಳಿತದ್ದು. ಕಂಪನಿಯ ಇತರರೊಂದಿಗೆ ಹೊಂದಾಣಿಕೆಯಾಗದೆ ಕಾರ್ಲ್ 1903ರಲ್ಲಿ ಹೊರಬಂದ. ಕುಟುಂಬ ಲಾಡನ್‌ಬರ್ಗ್ ಎಂಬ ಪುಟ್ಟ ಊರಿಗೆ ಹೋಗಿ, ಅಲ್ಲಿ ಮಕ್ಕಳ ಜೊತೆ ಹೊಸ ಕಾರ್ಖಾನೆ ನಡೆಸಿತು. ಮಹಾಯುದ್ಧ, ಆಮೇಲೆ ಜರ್ಮನಿಯ ಹಣಕ್ಕೆ ಕಾಗದದ ಬೆಲೆಯೂ ಇಲ್ಲದ ದಿನಗಳು ಎಲ್ಲವನ್ನೂ ಕಂಡರು. 1926ರಲ್ಲಿ ಹಳೆಯ ಬೆಂಜ್ ಕಂಪನಿ ತನ್ನ ಪ್ರತಿಸ್ಪರ್ಧಿ ಡೈಮ್ಲರ್ ಜೊತೆ ಒಂದಾಯಿತು. ಮರ್ಸಿಡಿಸ್-ಬೆಂಜ್ ಎಂಬ ಹೆಸರು ಬಂದಿದ್ದು ಅಲ್ಲಿಂದ. 1929ರ ಏಪ್ರಿಲ್ 4ರಂದು ಕಾರ್ಲ್ ತೀರಿಕೊಂಡ. ಬರ್ತಾ ಇನ್ನೂ 15 ವರ್ಷ ಬದುಕಿದ್ದಳು.

1944ರ ಮೇ 3. ಎರಡನೇ ಮಹಾಯುದ್ಧ ನಡೆಯುತ್ತಿದೆ. ಬರ್ತಾಗೆ 95 ತುಂಬಿತು. ಅಂದು ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಆಕೆಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಕಾರ್ಲ್ ಓದಿದ್ದ ಅದೇ ಕಾಲೇಜು, ಬರ್ತಾ ಹುಡುಗಿಯಾಗಿದ್ದಾಗ ಒಳಗೆ ಕಾಲಿಡಲಾಗದಿದ್ದ ಕಾಲೇಜು. ಎರಡು ದಿನ ಕಳೆದು, ಮೇ 5ರಂದು ಆಕೆ ತೀರಿಕೊಂಡಳು. ಅಂದ ಹಾಗೆ, ಅದರ ಹಿಂದಿನ ವರ್ಷವೇ ನಮ್ಮ ಪಕ್ಕದ ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಿಂದ ಎ. ಲಲಿತಾ ಪದವಿ ಪಡೆದಿದ್ದರು. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು, ಕೈಗೂಸನ್ನು ಸಾಕುತ್ತಾ ಎಲೆಕ್ಟ್ರಿಕಲ್ ಓದಿದವರು ಅವರು. ಅದು ಇನ್ನೊಂದು ಲೇಖನದ ಕಥೆ.

ಅಮೆರಿಕದ ಆಟೊಮೋಟಿವ್ ಹಾಲ್ ಆಫ್ ಫೇಮ್‌ಗೆ ಕಾರ್ಲ್‌ನ ಹೆಸರು ಸೇರಿದ್ದು 1984ರಲ್ಲಿ, ಬರ್ತಾಳದು 2016ರಲ್ಲಿ. ಮೂವತ್ತೆರಡು ವರ್ಷದ ಅಂತರ. 2008ರಿಂದ ಆಕೆ ಹೋಗಿ ಬಂದ ದಾರಿಗೆ ಬರ್ತಾ ಬೆಂಜ್ ಸ್ಮಾರಕ ಮಾರ್ಗ ಅಂತ ಹೆಸರಿದೆ. ಬೋರ್ಡುಗಳನ್ನು ನೋಡಿಕೊಂಡು ಯಾರು ಬೇಕಾದರೂ ಆ ಊರುಗಳನ್ನು ದಾಟಿ ಹೋಗಬಹುದು. ಹಳೇ ಕಾರು ಸಾಕಿಕೊಂಡವರು ಅವನ್ನು ಒರೆಸಿ ಹೊಳಪು ಬರಿಸಿ ಆ ದಾರಿಗೆ ಇಳಿಸುತ್ತಾರೆ.

2013ರ ಆಗಸ್ಟ್‌ನಲ್ಲಿ, ಬರ್ತಾ ಹೊರಟು 125 ವರ್ಷವಾದಾಗ, ಮರ್ಸಿಡಿಸ್ ಕಂಪನಿಯ ಇಂಜಿನಿಯರುಗಳು ಅದೇ ಮ್ಯಾನ್‌ಹೈಮ್‌ನಿಂದ ಅದೇ ಫೋರ್ಟ್ಸ್‌ಹೈಮ್‌ಗೆ ಒಂದು ಕಾರು ಕಳಿಸಿದರು. ರಾಡಾರ್, ಕ್ಯಾಮೆರಾಗಳ ನೆರವಿನಿಂದ ತಾನೇ ತಾನಾಗಿ ಓಡುವ ಕಾರು. ಹೆದ್ದಾರಿಯ ಖಾಲಿ ರಸ್ತೆ ಬಿಟ್ಟು, ಪಾದಚಾರಿಗಳು, ಸೈಕಲ್ಲುಗಳು, ಅಡ್ಡ ನಿಂತ ವಾಹನಗಳಿರುವ ಊರ ಬೀದಿಗಳ ಈ ದಾರಿಯನ್ನೇ ಪರೀಕ್ಷೆಗೆ ಆರಿಸಿಕೊಂಡರು. ಡ್ರೈವರ್ ಸೀಟಿನಲ್ಲಿ ಆಗಲೂ ಒಬ್ಬರು ಕೂತಿದ್ದರು, ಯಂತ್ರ ತಡವರಿಸಿದರೆ ಸ್ಟೀರಿಂಗ್ ಹಿಡಿಯಲು.